ಯಾಣದ ಬಂಡೆಯ ಹೊರಗೆ

ಶ್ರೀರಾಂಪುರದ ನಮ್ಮ ಎದುರುಮನೆಯಲ್ಲಿದ್ದ ನಿವೃತ್ತ ಕಂಡಕ್ಟರು ಜೀವಮಾನವೆಲ್ಲ ಬಸ್ಸಿನಲ್ಲಿ ಜನರಿಗೆ “ಒಳಗೆ ನಡೀರಿ” ಎಂದವರು. ಆದರೆ ಗೃಹಪ್ರವೇಶವಿರಲಿ, ಗಣಪತಿ ಪೆಂಡಾಲಿರಲಿ, ಬಾಗಿಲಿಗೆ ಬಂದೊಡನೆ ಹೆಗಲ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, “ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ” ಎನ್ನುತ್ತಿದ್ದರು. ಸಂಕೋಚದ ಸ್ವಭಾವ ಎಂದುಕೊಂಡಿದ್ದೆ.

ಒಮ್ಮೆ ಬಡಾವಣೆಯ ಏಳೆಂಟು ಮಂದಿ ಗೈಡ್ ಒಬ್ಬನ ಜೊತೆ ಯಾಣಕ್ಕೆ ಚಾರಣ ಹೋದೆವು. ಕಾಡುದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದವರು ಕಂಡಕ್ಟರೇ. ಮರಗಳ ನಡುವೆ ಕಪ್ಪು ಸುಣ್ಣಕಲ್ಲಿನ ಶಿಖರ ಥಟ್ಟನೆ ಎದುರಾದಾಗ ಕತ್ತೆತ್ತಿ ನಿಂತೇಬಿಟ್ಟರು. ಬಂಡೆಯ ಬುಡದಲ್ಲಿ ಗುಡಿ. ಅದನ್ನು ಹಾದು, ಬಂಡೆಯ ಸೀಳಿನೊಳಗೆ ಸುತ್ತು ಹಾಕಿ ಬರಬೇಕು. ನಾವು ಚಪ್ಪಲಿ ಬಿಟ್ಟೆವು. ಅವರು ಬಿಡಲಿಲ್ಲ.

“ನೀವು ಹೋಗ್ಬನ್ನಿ” ಎಂದರು.

“ಎಲ್ಲಾರೂ ಹೋಗ್ತಾರೆ, ಬನ್ನಿ ಸಾರ್” ಎಂದ ಗೈಡ್.

“ಚಿಕ್ಕವನಿದ್ದಾಗ ಆಟ ಆಡ್ತಾ ನಮ್ಮೂರ ಗುಡಿ ಮೆಟ್ಲು ಹತ್ಬುಟ್ಟಿದ್ದೆ ಕಣಪ್ಪ. ಅದಕ್ಕೆ ನಮ್ಮಪ್ಪನ್ನ ಊರೋರ ಮುಂದೆ ಹೊಡೆದ್ರು. ಇಲ್ಲಿ ಯಾರೂ ತಡೆಯಲ್ಲ, ನಂಗೂ ಗೊತ್ತು. ಆದ್ರೆ ಕಾಲು ಕೇಳ್ಬೇಕಲ್ಲ.”

ನಾವು ಹೊರಬರುವಷ್ಟರಲ್ಲಿ ಬಿಸಿಲಿನಲ್ಲಿದ್ದ ನಮ್ಮ ಚಪ್ಪಲಿಗಳನ್ನೆಲ್ಲ ನೆರಳಿಗೆ ಸರಿಸಿಟ್ಟಿದ್ದರು.

“ಒಳಗೆ ಹೆಂಗಿತ್ತು?” ಎಂದು ಆಸೆಯಿಂದ ಕೇಳಿದರು.

“ತಣ್ಣಗಿತ್ತು. ಮೇಲಿಂದ ಬೆಳಕು ಬೀಳ್ತಿತ್ತು” ಎಂದೆ.

“ಎಷ್ಟು ಬೆಳಕು?”

“ಒಬ್ಬರ ಮುಖ ಒಬ್ಬರಿಗೆ ಕಾಣೋವಷ್ಟು.”

“ಅಷ್ಟಿದ್ರೆ ಸಾಕಲ್ವಾ” ಎಂದು ಬಂಡೆಯ ಸೀಳನ್ನೇ ನೋಡುತ್ತ ನಿಂತರು. ಹೊರಡುವ ಹೊತ್ತು ಮೀರಿತ್ತು. ನಾವೂ ಚಪ್ಪಲಿ ಮೆಟ್ಟಿಕೊಳ್ಳದೆ ಅವರ ಪಕ್ಕದಲ್ಲೇ ನಿಂತೆವು.