ನೋಲೀನಳ ಮುಂದಿನ ಸಾಲು

ನೋಲೀನ್ ಪ್ರಿಚರ್ಡ್ ಜೋಡಿಸಿದ ಶೆಲ್ಫಿನಲ್ಲಿ ಖಾಲಿ ಜಾಗ ಕಂಡ ಕಣ್ಣು ಇನ್ನೂ ಹುಟ್ಟಿಲ್ಲ ಎಂಬುದು ನಮ್ಮೂರು ವಾರಂಬಿಯ ಹೆಮ್ಮೆ. ಕಾನ್ ಮಾವ್ರಿಡಿಸನ ಅಂಗಡಿಯಲ್ಲಿ ಅವಳು ಕೈಯಾಡಿಸಿ ಹೋದ ಮೇಲೆ ನೊಣಗಳಿಗೂ ಕೂರಲು ಎಡೆಯಿರದು. ಸುತ್ತಿ ಸುತ್ತಿ ಬೇಸತ್ತು ಪಕ್ಕದ ಊರಿಗೆ ವಲಸೆ ಹೋಗುತ್ತವೆ. ಒಮ್ಮೆ ನೆರೆ ಬಂದು, ರಸ್ತೆ ಮುಳುಗಿ, ಊರಿಗೆ ಲಾರಿಯೇ ಬಾರದಾದಾಗ, ಉಳಿದಿದ್ದ ಬೆರಳೆಣಿಕೆಯ ಡಬ್ಬಿಗಳನ್ನು ಅವಳು ಎಂಥ ಠೀವಿಯಲ್ಲಿ ನಿಲ್ಲಿಸಿದಳೆಂದರೆ, ಬಂದ ಜನ ನೋಡಿ, "ಬೇಕಾದಷ್ಟಿದೆ, ನಾಳೆ ಒಯ್ದರಾಯ್ತು" ಎಂದು ಬರಿಗೈಯಲ್ಲಿ ಮರಳಿದರು. ನೆರೆ ಇಳಿಯಿತು, ಡಬ್ಬಿ ಮುಗಿಯಲಿಲ್ಲ.

ಈ ವಿದ್ಯೆಯನ್ನು ಕಲಿಸಿದವನು ಕಾನನ ಅಪ್ಪ. ಅವಳಿನ್ನೂ ಎಳೆಯ ಹುಡುಗಿಯಾಗಿ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದ: ಮುಂದಿನ ಡಬ್ಬಿ ಮಾರಿಹೋದರೆ ಹಿಂದಿನದನ್ನು ಅಂಚಿಗೆ ಎಳೆ, ಲೇಬಲ್ಲಿನ ಮುಖ ಗಿರಾಕಿಯ ಕಡೆ ತಿರುಗಿಸು. ಆ ಮುದುಕ ತೀರಿಕೊಂಡಾಗ ಶವಪೆಟ್ಟಿಗೆಯ ಮೇಲಿನ ಹೂಗುಚ್ಛವನ್ನೂ ಅವಳು ಒಂದಿಂಚು ಮುಂದಕ್ಕೆ ಎಳೆದೇ ಕಣ್ಣೊರೆಸಿಕೊಂಡಳು.

ಮಗ ಕಾನ್ ಹೊಸ ಕಾಲದವನು. ಹಿಂದಲೆಯಲ್ಲಿ ಉಳಿದ ನಾಲ್ಕೆಳೆ ಕೂದಲನ್ನು ಹಣೆಯವರೆಗೂ ಬಾಚಿ ತಂದು ಅಂಟಿಸಿಕೊಂಡವನು. ಒಂದು ಗಂಟೆಯ ಹಾದಿಯಲ್ಲಿದ್ದ ದೊಡ್ಡ ಅಂಗಡಿ ಅವನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಸೆಳೆಯುತ್ತಿತ್ತು. ಹೋದ ವರ್ಷ ಫುಟ್‌ಬಾಲ್ ಫೈನಲ್ಲಿನ ದಿನ ಬನ್ನು ಸಾಲದೆ ಹೋದಾಗ, ಕ್ಲಬ್ಬಿನ ಅಡುಗೆ ನೋಡಿಕೊಳ್ಳುವ ಬೆವ್ ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದ್ ಸಲ ಹೀಗಾಯ್ತೋ, ನಮ್ಮ ವ್ಯಾಪಾರ ಎಲ್ಲ ಅಲ್ಲಿಗೇ." ಬೆವ್ ಹೋದಲ್ಲಿಗೆ ಊರು ಹೋಗುತ್ತದೆ, ಊರು ಹೋದರೆ ಕಾನ್ ಬಾಗಿಲು ಹಾಕಬೇಕಾಗುತ್ತದೆ.

ಅದಕ್ಕೇ ಅವನು ಪ್ರತಿ ಶೆಲ್ಫಿನ ಎದುರಿಗೂ ಗುಬ್ಬಿಮೊಟ್ಟೆಯಷ್ಟು ಕ್ಯಾಮೆರಾ ಕೂರಿಸಿದ. ಅದು ನೋಡುತ್ತಿರುತ್ತದೆ, ಎಲ್ಲಿ ತೆರಪು ಕಂಡರೂ ತಾನೇ ಅರ್ಥಮಾಡಿಕೊಂಡು ನಗರದ ಗೋದಾಮಿಗೆ ಬೇಡಿಕೆ ಕಳಿಸುತ್ತದೆ.

"ಇದು ರೆಪ್ಪೆ ಬಡಿಯಲ್ಲ ನೋಲೀನ್. ಟೀ ಕುಡಿಯೋಕೂ ಹೋಗಲ್ಲ," ಎಂದ ಕಾನ್.

"ಪಾಪ, ಕೂತ್ಕೊಳ್ಳೋಕೆ ಒಂದು ಸ್ಟೂಲಾದ್ರೂ ಕೊಡು ಅದಕ್ಕೆ."

ಹಾಗೆಂದರೂ ಅವಳಿಗೆ ಒಳಗೊಳಗೇ ಖುಷಿ. ಇಷ್ಟು ವರ್ಷಗಳಲ್ಲಿ ಅವಳ ಕೆಲಸವನ್ನು ಹೀಗೆ ಕಣ್ಣಿಟ್ಟು ನೋಡಿದವರು ಯಾರಿದ್ದರು? ಗಂಡನೂ ನೋಡಿರಲಿಲ್ಲ. ಹೊಸ ಗೆಳೆಯನ ಮುಂದೆ ಮರ್ಯಾದೆ ಹೋಗಬಾರದೆಂದು ಅವಳು ದುಪ್ಪಟ್ಟು ಶ್ರದ್ಧೆಯಿಂದ ಎಳೆದಳು, ತಿರುಗಿಸಿದಳು, ಒರೆಸಿದಳು. ಕ್ಯಾಮೆರಾ ಒಂದು ದಿನವೂ ದೂರಲಿಲ್ಲ. ಕಾನ್ ಸಿಳ್ಳೆ ಹಾಕುತ್ತಾ ಓಡಾಡಿದ.

ಈ ವರ್ಷದ ಫೈನಲ್ಲಿನ ಹಿಂದಿನ ದಿನ ಬೆವ್ ಗಾಡಿ ತಳ್ಳಿಕೊಂಡು ಬಂದಳು. ಬನ್ನು ಬೇಕಾದಷ್ಟಿತ್ತು. ಇನ್ನು ಬೀಟ್ರೂಟ್ ಡಬ್ಬಿ. ಬೀಟ್ರೂಟಿಲ್ಲದ ಬರ್ಗರನ್ನು ನಮ್ಮೂರಲ್ಲಿ ನಾಯಿಯೂ ಮೂಸುವುದಿಲ್ಲ. ಬೆವ್ ಮುಂದಿನ ಸಾಲನ್ನು ತೆಗೆದಳು. ಹಿಂದೆ ಬೋಳು ಹಲಗೆ. ಸಂಸಾರ ಹೂಡಿದ್ದ ಒಂದು ಜೇಡ.

"ಕಾನ್, ಇದೇನು ಅಂಗಡೀನೋ, ಸಿನಿಮಾ ಸೆಟ್ಟೋ?"

ಕಾನ್ ಓಡಿಬಂದು ಹಲಗೆ ತಡವಿದ. ಲಾರಿ ಬರುವುದು ಸೋಮವಾರ. ನೋಲೀನಳ ಮುಖ ಬೀಟ್ರೂಟನ್ನೂ ಮೀರಿಸಿ ಕೆಂಪಾಯಿತು. "ಕ್ಯಾಮೆರಾನ ಬೈಬೇಡ ಕಾನ್. ನಾನು ಎಳೆದೆ, ಅದು ನಂಬ್ತು," ಎಂದಳು. ಊರನ್ನೇ ನಂಬಿಸಿದ ಕೈ, ಪಾಪದ ಗಾಜಿನ ಕಣ್ಣನ್ನು ಬಿಟ್ಟೀತೆ?

ಮರುಗಳಿಗೆಯೇ ಅವಳ ತಲೆ ಓಡಿತು. ನೆರೆಯ ದಿನಗಳ ನಂತರ ಡಬ್ಬಿ ಕೂಡಿಡದ ಮನೆ ವಾರಂಬಿಯಲ್ಲಿ ಇಲ್ಲ. ಕೂಟವೆಂದರೆ ಬರಿಗೈಯಲ್ಲಿ ಹೋಗುವವರೂ ಇಲ್ಲ. ಮನೆಗೊಂದು ತಟ್ಟೆ ತಿಂಡಿ ಒಯ್ಯಲೇಬೇಕು.

"ಬೆವ್, ನಾಳೆ ತಟ್ಟೆ ಬೇಡ, ಮನೇಲಿರೋ ಬೀಟ್ರೂಟ್ ಡಬ್ಬಿ ತನ್ನಿ ಅಂತ ಎಲ್ಲರಿಗೂ ಸಾರಿಬಿಡು. ಯಾಕೆ ಅಂತ ಕೇಳಿದ್ರೆ ನನ್ನ ಹೆಸರು ಹೇಳು."

"ಹೇಳದೆ ಬಿಡ್ತೀನಾ?" ಎಂದಳು ಬೆವ್.

ಡಬ್ಬಿಗಳು ಮಂಚದಡಿಯಿಂದ ಬಂದವು, ದೋಣಿಯೊಳಗಿಂದ ಬಂದವು. ಒಂದರ ತುಕ್ಕು ನೋಡಿದರೆ ಕಾಂಗರೂಗೆ ಚೀಲ ಮೂಡುವುದಕ್ಕೂ ಮೊದಲಿನದಿರಬೇಕು; ಅದನ್ನು ಗೌರವದಿಂದ ಪಕ್ಕಕ್ಕಿಟ್ಟರು. ಉಳಿದವನ್ನೆಲ್ಲ ನೋಲೀನ್ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಲೇಬಲ್ಲು ಯಾವ ಕಡೆಗಿತ್ತೆಂದು ಬೇರೆ ಹೇಳಬೇಕೆ! ಪಂದ್ಯವನ್ನು ಸೋತೆವು. ಆದರೆ ಗೆದ್ದವರ ಬಿಳಿ ಅಂಗಿಗಳೆಲ್ಲ ಕೆಂಪು ಕಲೆ ಹೊತ್ತು ಊರು ಸೇರಿದವು. ಬೆವ್ ಗಲ್ಲದ ರಸ ಒರೆಸಿಕೊಳ್ಳುತ್ತಾ, "ಮುಂದಿನ ವರ್ಷಾನೂ ನಿನ್ನಲ್ಲೇ ತಗೋತೀನಿ ಕಾನ್. ನಿನ್ನ ಮುಖ ನೋಡಿ ಅಲ್ಲ," ಎಂದಳು.

ಸೋಮವಾರ ಕಾನ್ ಕ್ಯಾಮೆರಾಗಳನ್ನು ಕಿತ್ತು ಚಾವಣಿಗೇರಿಸಿ ಕೆಳಮುಖವಾಗಿ ತಿರುಗಿಸಿದ. ಏಣಿ ಹಿಡಿದುಕೊಂಡವಳು ನೋಲೀನಳೇ.

ಇಳಿದು ಬಂದವನು ಕೈ ಕೊಡವಿಕೊಂಡು ಬೀಗಿದ: "ಇನ್ನು ಮೇಲಿಂದ ನೋಡುತ್ತೆ ಮಾರಾಯ್ತಿ. ಮುಂದಕ್ಕೆ ಎಳೆದು ಹಿಂದಿನ ಬೋಳು ಮುಚ್ಚೋ ಆಟ ಮುಗೀತು."

ನೋಲೀನ್ ಒಮ್ಮೆ ಚಾವಣಿಯನ್ನು ನೋಡಿದಳು, ಒಮ್ಮೆ ಅವನ ನೆತ್ತಿಯನ್ನು ನೋಡಿದಳು.

"ಹಾಗಾದ್ರೆ ಅದರ ಕೆಳಗೆ ಟೋಪಿ ಹಾಕ್ಕೊಂಡೇ ಓಡಾಡು ಮಗಾ. ಇಲ್ಲಾಂದ್ರೆ ಮುಂದಿನ ಲಾರೀಲಿ ಒಂದು ಮೂಟೆ ಕೂದಲು ಬಂದಿಳಿಯುತ್ತೆ."