ಬೆನ್ನ ಮೇಲಿನ ಊಟಿ ಬಸ್ಸು

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ ನಾನು ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ವೃತ್ತಿಯ ಕೊನೆಗಾಲದಲ್ಲಿ ಹೊಸ ಪಾಠ ಹೇಳಲೆಂದೇ ಬಂದವರಂತೆ ಬಂದರು ಊಟಿ ರಸ್ತೆಯ ಹಂಗಳ ಊರಿನ ಮಾದಪ್ಪ.

ಅರವತ್ತು ದಾಟಿದ, ಚೆಂಡುಹೂ ಬೆಳೆಯುವ ರೈತ. ಹೆಂಡತಿ ಗೌರಮ್ಮ ಆಂಬುಲೆನ್ಸಿನಲ್ಲಿ ಕರೆತಂದಾಗ ಜ್ವರದಿಂದ ಮೈ ಸುಡುತ್ತಿತ್ತು, ಕುತ್ತಿಗೆ ಸೆಟೆದಿತ್ತು, ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು ನೋಡಿದೆವು. ನೀರಿನಂತೆ ತಿಳಿಯಾಗಿರಬೇಕಾದದ್ದು ಗಂಜಿಯಂತೆ ಕದಡಿತ್ತು. ಬ್ಯಾಕ್ಟೀರಿಯಲ್ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು. ಜೀವಕ್ಕೇ ಅಪಾಯ. ಆ್ಯಂಟಿಬಯಾಟಿಕ್ ಶುರು ಮಾಡಿ, ಊತ ಇಳಿಸಲು ಸ್ಟೀರಾಯ್ಡನ್ನೂ ಕೊಟ್ಟೆವು. ಇಂಥ ಕೇಸುಗಳಲ್ಲಿ ಅದೇ ರೂಢಿ.

ಲ್ಯಾಬಿನಿಂದ ಬಂದ ಉತ್ತರ ಮಾತ್ರ ವಿಚಿತ್ರವಾಗಿತ್ತು. ದ್ರವದಲ್ಲಿ ಬೆಳೆದದ್ದು ಇ. ಕೋಲೈ. ಕರುಳಿನಲ್ಲಿ ತೆಪ್ಪಗಿರಬೇಕಾದ ಬ್ಯಾಕ್ಟೀರಿಯಾ ತಲೆಗೆ ಹತ್ತಿದ್ದು ಹೇಗೆಂದು ನನಗೆ ತಲೆಬುಡ ತಿಳಿಯಲಿಲ್ಲ. ಜ್ವರ ಇಳಿಯುವ ಲಕ್ಷಣವೂ ಇರಲಿಲ್ಲ. ಮಾದಪ್ಪ ಅರೆಪ್ರಜ್ಞೆಯಲ್ಲಿ ಒಂದೇ ಮಾತು ಹೇಳುತ್ತಿದ್ದರು: “ಊಟಿ ಬಸ್ಸು ಒಂಟೋಯ್ತು ಕಣಮ್ಮಿ.”

ಜ್ವರದ ಬಡಬಡಿಕೆ ಎಂದುಕೊಂಡೆ. ಅಳುತ್ತ ನಿಂತಿದ್ದ ಗೌರಮ್ಮ ಅದನ್ನು ಕೇಳಿ ನಕ್ಕೇಬಿಟ್ಟರು.

“ಅದು ಬಸ್ಸಲ್ಲ ಡಾಕ್ಟ್ರಮ್ಮ, ನವೆ. ಸೊಂಟದಿಂದ ಒಂದು ಗೆರೆ ಎದ್ದು, ಬಸ್ಸು ಗಾಟಿ ಅತ್ತಂಗೆ ಬೆನ್ ಮ್ಯಾಕೆ ಓಯ್ತದೆ. ಅದ್ಕೆ ನಮ್ಮೆಜಮಾನ್ರು ಊಟಿ ಬಸ್ಸು ಅಂತ ಎಸ್ರು ಮಡಗವ್ರೆ.”

ಮಗ್ಗುಲಾಗಿಸಿ ನೋಡಿದೆ. ಸೊಂಟದ ಮೇಲೆ ಕೆಂಪಗಿನ ಡೊಂಕು ಗೆರೆ. ಅದರ ತುದಿಗೆ ಬಾಲ್‌ಪೆನ್ನಿನಿಂದ ಒಂದು ಗುರುತು ಹಾಕಿ ರೌಂಡ್ಸ್‌ಗೆ ಹೋದೆ. ಮರಳಿ ಬಂದು ನೋಡುವಷ್ಟರಲ್ಲಿ ಗೆರೆ ನನ್ನ ಗುರುತನ್ನು ದಾಟಿ ಮೇಲೇರಿತ್ತು. ಊಟಿ ಬಸ್ಸು ನಿಜಕ್ಕೂ ಹೊರಟಿತ್ತು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಚರ್ಮದಡಿ ಹೀಗೆ ಓಡುವುದು ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳುವಿನ ಮರಿ. ಮಣ್ಣಿನಿಂದ ಬರಿಗಾಲಿನೊಳಕ್ಕೆ ಹೊಕ್ಕು ಕರುಳು ಸೇರಿ, ವರ್ಷಗಟ್ಟಲೆ ಸದ್ದಿಲ್ಲದೆ ಇದ್ದುಬಿಡುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದರೆ ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳು ಕೊರೆದು, ಅಲ್ಲಿನ ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ಮೈಯೆಲ್ಲ ಹರಡುತ್ತದೆ. ಹಾಗಾದರೆ ಇವರ ಶಕ್ತಿ ಕುಗ್ಗಿಸಿದ್ದು ಯಾವುದು?

“ಯಾವುದಾದರೂ ಮಾತ್ರೆ ತಗೋತಿದ್ರಾ?”

“ಉಬ್ಸಕ್ಕೆ ಅಂಗ್ಡಿಯಿಂದ ಬಿಳೀ ಗುಳ್ಗೆ ತರೋರು. ಅದ ತಿಂದ್ರೆ ಅಸಿವೂ ಚೆನ್ನಾಗಾಯ್ತದೆ ಅಂತ ತಿಂಗಳುಗಟ್ಲೆ ಬುಡ್ನೇ ಇಲ್ಲ.”

ಆ ಗುಳಿಗೆಯೂ ಸ್ಟೀರಾಯ್ಡೇ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವಂಥದ್ದು. ಅದರ ಮೇಲೆ ನಮ್ಮದೂ ಸೇರಿ ಹುಳುವಿಗೆ ದಾರಿ ಸಲೀಸಾಗುತ್ತಿತ್ತು. ನಮ್ಮ ದೊಡ್ಡ ಡೋಸನ್ನು ಆ ಕ್ಷಣವೇ ನಿಲ್ಲಿಸಿ, ಗುಳಿಗೆಗೆ ಒಗ್ಗಿಹೋದ ದೇಹಕ್ಕೆ ಬೇಕೇಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡೆವು. ಮಲಪರೀಕ್ಷೆಯಲ್ಲಿ ಹುಳುಮರಿಗಳು ಮೈಕ್ರೋಸ್ಕೋಪಿನಡಿ ಮಿಜಿಮಿಜಿ ಆಡುತ್ತಿದ್ದವು. ಆ್ಯಂಟಿಬಯಾಟಿಕ್ ಜೊತೆಗೆ ಹುಳು ಕೊಲ್ಲುವ ಐವರ್ಮೆಕ್ಟಿನ್ ಮಾತ್ರೆಯನ್ನು ಅರೆದು, ಮೂಗಿನ ನಳಿಗೆಯ ಮೂಲಕ ದಿನವೂ ಕೊಡತೊಡಗಿದೆವು.

ಜ್ವರ ನಿಧಾನಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಮಾದಪ್ಪ ಎದ್ದು ಕುಳಿತು, ಉಪ್ಪಿಟ್ಟಿಗೆ ಉಪ್ಪೇ ಇಲ್ಲವೆಂದು ತಕರಾರು ತೆಗೆದರು. ಗೌರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಕಣ್ಣು ತುಂಬಿ ಬಂತು.

ಅಂದಿನಿಂದ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಬೇಕಾದವರನ್ನು ಬರಿಗಾಲಿನ ಬಗ್ಗೆ, ನವೆಯ ಬಗ್ಗೆ ಮೊದಲು ಕೇಳುತ್ತೇನೆ. ರೋಗಿ ಬಡಬಡಿಸಿದರೆ ಅದರ ಅರ್ಥವೇನೆಂದು ಮನೆಯವರನ್ನು ಕೇಳುವುದನ್ನೂ ಮರೆಯುವುದಿಲ್ಲ.

ಮುಂದಿನ ತಪಾಸಣೆಗೆ ಮಾದಪ್ಪ ಹೊಸ ಚಪ್ಪಲಿ ಮೆಟ್ಟಿ ಬಂದರು. ಬೆನ್ನು ನೋಡಿದೆ, ಗೆರೆಯ ಸುಳಿವಿರಲಿಲ್ಲ.

“ಹೇಗೆ ಬಂದ್ರಿ ಮಾದಪ್ಪನೋರೆ?” ಎಂದೆ.

“ಗುಂಡ್ಲುಪೇಟೆ ಗಂಟ ಊಟಿ ಬಸ್ಸಲ್ಲೇ ಬಂದಿ ಡಾಕ್ಟ್ರಮ್ಮ. ಇಷ್ಟ್ ದಿನ ಅದು ನನ್ ಮ್ಯಾಲೆ ಓಡಾಡ್ತು. ಇವತ್ತು ನಾನೇ ಅದ್ರಲ್ಲಿ ಕೂತ್ಕಂಡ್ ಬಂದಿ.”