ಸೇತುವೆಯ ಈಚೆ ನಿಂತ ಖಾಜಾಸಾಬ್

ಖಾಜಾಸಾಬ್ ಗಾಡಿಯ ರೋಗವನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕೊಟ್ಟೂರಿನ ಕೂಡ್ಲಿಗಿ ರಸ್ತೆಯಲ್ಲಿ ಅವನ ಗ್ಯಾರೇಜು. ನನ್ನ ಸ್ಕೂಟರಿನ ಮೇಲೆ ಅಂಗೈಯಿಟ್ಟು, "ರೇಸ್ ಮಾಡ್ರಿ ಮೇಷ್ಟ್ರ" ಅನ್ನುವನು. ಸ್ವಲ್ಪ ಹೊತ್ತು ಕೇಳಿ, "ಇಂಜಿನ್ ಚಲೋ ಐತ್ರಿ, ಓಡ್ಸೋರ್ದ ತೊಂದ್ರಿ" ಎಂದು ನಗುವನು.

ಓದುಬರಹ ಅವನಿಗೆ ಅಷ್ಟಕ್ಕಷ್ಟೆ. ಯಾವ ಸರ್ಕಾರಿ ಕಾಗದ ಬಂದರೂ ನೇರ ನನ್ನ ಮನೆಗೆ ತರುತ್ತಿದ್ದ. "ಕಬ್ಬಿಣ ನಂದು, ಕಾಗದ ನಿಮ್ದು" ಎಂಬುದು ಅವನೇ ಮಾಡಿಕೊಂಡ ಒಪ್ಪಂದ.

ವರ್ಷಕ್ಕೊಮ್ಮೆ ಗ್ಯಾರೇಜಿಗೆ ಬೀಗ ಹಾಕಿ, ಸ್ಪ್ಯಾನರು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಚೀಲವನ್ನು ಬೈಕಿಗೆ ಕಟ್ಟಿ ಒಬ್ಬನೇ ಹೊರಟುಬಿಡುವನು. ರಾಜಸ್ಥಾನ, ಲಡಾಖ್ ಎಲ್ಲ ನೋಡಿಬಂದ. ನಾನೋ, ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಕಂಡ ದೂರದ ಊರು ತಿರುಪತಿ. ಚಹಾದಂಗಡಿಯಲ್ಲಿ ಜನ ಅವನ ಸುತ್ತ ಕೂತಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ದಾರಿಯಲ್ಲಿ ಇವನ ಗಾಡಿ ಪಂಕ್ಚರ್ ಆಗಲಿ ಎಂದು ಹಾರೈಸಿದ್ದೂ ಉಂಟು. ಪಂಕ್ಚರ್ ಅವನಿಗೊಂದು ಲೆಕ್ಕವೇ?

"ನೀವೂ ಬರ್ರಿ, ಹಿಂದಿನ ಸೀಟು ಖಾಲಿ ಐತಿ" ಎಂದು ಪ್ರತಿ ಸಲ ಕರೆಯುವನು. ನನಗೆ ಪ್ರತಿ ಸಲವೂ ಪರೀಕ್ಷೆ, ಇಲ್ಲವೇ ಸೊಂಟನೋವು.

ಹೋದ ವರ್ಷ ಧಾರ್ಚುಲಾದಿಂದ ಫೋನ್ ಮಾಡಿದ. ಹಿಮಾಲಯದ ಮೂಲೆಯ ಊರು ಅದು. ಕಾಳಿ ನದಿಯ ತೂಗುಸೇತುವೆಯನ್ನು ನಡೆದು ದಾಟಿದರೆ ನೇಪಾಳ.

"ಮೇಷ್ಟ್ರ, ಆಕಡಿ ದೇಶದ ಅಂಗಡಿ ಕಾಣಾಕತ್ಯಾವ. ಸೇತುವಿ ಮುಂದ ಪೊಲೀಸ್ನೋರು ಕುಂತಾರ. ನನ್ನತ್ರ ಓಟಿನ ಕಾರ್ಡ್ ಅಷ್ಟ ಐತಿ. ನಡಿತೈತೇನ್ರಿ?"

ನಡೆಯುತ್ತದೆಂದು ನನಗೆ ಗೊತ್ತಿತ್ತು. ಆದರೆ ಇವನು ಇನ್ನು ನೂರು ಹೆಜ್ಜೆ ಹಾಕಿದರೆ ಪರದೇಶ ಕಂಡವನಾಗುತ್ತಾನೆ, ಆ ಕತೆಯನ್ನು ನಾನು ವರ್ಷವಿಡೀ ಕೇಳಬೇಕು.

"ನಡಿಯಂಗಿಲ್ಲ ಖಾಜಾ, ಪಾಸ್‌ಪೋರ್ಟ್ ಬೇಕು. ಸುಮ್ನ ಸಿಗಾಕ್ಕೋತಿ, ವಾಪಸ್ ಬಾ" ಅಂದೆ.

ಅವನು ಅಲ್ಲಿ ಇನ್ಯಾರನ್ನೂ ಕೇಳಲಿಲ್ಲ, ತಿರುಗಿ ಬಂದುಬಿಟ್ಟ. ಚಹಾದಂಗಡಿಯಲ್ಲಿ ಎಲ್ಲರೆದುರು, "ಮೇಷ್ಟ್ರು ಹೇಳ್ದಿದ್ರ ನನ್ನ ಒಳಗ ಹಾಕ್ತಿದ್ರು" ಎಂದು ಕೊಂಡಾಡಿದ. ನಿಜ ಹೇಳುವ ಬದಲು ಅವನ ಪಾಸ್‌ಪೋರ್ಟ್ ಅರ್ಜಿಯನ್ನು ನಾನೇ ತುಂಬಿದೆ, ಬಳ್ಳಾರಿಗೆ ಕರೆದೊಯ್ದು ಬೆರಳಚ್ಚು ಕೊಡಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ, "ಈ ಸಲ ಇಬ್ರೂ ದಾಟೂಣ್ರಿ" ಅಂದ.

ಅದಾಗಿ ಹತ್ತು ದಿನಕ್ಕೆ ಗ್ಯಾರೇಜಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಹೊಸಪೇಟೆ ಆಸ್ಪತ್ರೆಗೆ ಒಯ್ಯುವಾಗ, ಹಗರಿಬೊಮ್ಮನಹಳ್ಳಿಯ ಹತ್ತಿರ ಉಸಿರು ನಿಂತಿತು.

ಮಣ್ಣು ಮಾಡಿದ ಮರುವಾರ ಪೊಲೀಸ್ ಪೇದೆಯೊಬ್ಬರು ಖಾಜಾನ ಪಾಸ್‌ಪೋರ್ಟ್ ಅರ್ಜಿ ಹಿಡಿದು ವಿಚಾರಣೆಗೆ ನನ್ನ ಮನೆಗೆ ಬಂದರು. ಗುರುತು ಹೇಳುವವರ ಜಾಗದಲ್ಲಿ ನನ್ನ ಹೆಸರಿತ್ತು.

"ಈ ಮನುಷ್ಯಾ ಹೊರದೇಶಕ್ಕ ಹೋಗಾಕ ನಿಮ್ದೇನರ ತಕರಾರು ಐತೇನ್ರಿ?"

"ಇಲ್ರಿ" ಅಂದೆ. ಅವನು ತೀರಿಹೋದ ಸುದ್ದಿಯನ್ನು ಆಮೇಲೆ ಹೇಳಿದೆ.